ಹಗ್ಗದೊಳಗಿನ ಬೆಳೆ

ಗದ್ದೆ ನೋಡಲು ಯಾರಾದರೂ ಬಂದರೆ ನನ್ನ ಮಾವ, ಎಂದರೆ ಅಮ್ಮನ ಅಣ್ಣ, ಹೆಗಲ ಬೈರಾಸು ವಸ್ತ್ರ ಕೊಡವಿಕೊಂಡು ನೆಟ್ಟಗೆ ನಿಲ್ಲುತ್ತಿದ್ದರು. ನಮ್ಮದು ಹೆಣ್ಣುಮಕ್ಕಳ ಕಡೆಯಿಂದ ಮನೆತನ ನಡೆಯುವ ಅಳಿಯಕಟ್ಟಿನ ಮನೆ. ಮದುವೆಯಾಗಿ ಮಗುವಾದ ಮೇಲೂ ನಾನು ಅತ್ತಾವರದ ತಾಯಿಮನೆಯಲ್ಲೇ ಇದ್ದೆ. ಯಜಮಾನಿಕೆ ಮಾವನದು. ಅವರ ಹೆಂಡತಿ, ಮಕ್ಕಳು ಹೊಳೆಯಾಚೆ ತೊಕ್ಕೊಟ್ಟಿನಲ್ಲಿದ್ದರು. ಮಾವ ಆಗೊಮ್ಮೆ ಈಗೊಮ್ಮೆ ದೋಣಿ ಹತ್ತಿ ಹೋಗಿಬರುತ್ತಿದ್ದರು. ಉಳಿದ ದಿನವೆಲ್ಲ ಗದ್ದೆಯಲ್ಲೇ.

ಧಣಿಗಳಿಂದ ಗೇಣಿಗೆ ಪಡೆದ ಎರಡು ತುಂಡು ನೆಲ ನಮಗಿತ್ತು. ರಸ್ತೆಗೆ ತಾಗಿದ ಮೇಲಿನ ಗದ್ದೆ ಚಿಕ್ಕದು. ಹಟ್ಟಿಯ ಗೊಬ್ಬರವೆಲ್ಲ ಅದಕ್ಕೇ ಬೀಳುತ್ತಿತ್ತು, ಹಾಗಾಗಿ ಪೈರು ಸೊಂಟದೆತ್ತರ ಏಳುತ್ತಿತ್ತು. ಕೆಳಗೆ ಹೊಳೆಯ ಕಡೆಗಿದ್ದ ಬೈಲು ಅದಕ್ಕಿಂತ ಬಹಳ ದೊಡ್ಡದು, ಆದರೆ ಕೆಟ್ಟದ್ದು. ಉಬ್ಬರದ ನೀರು ಹುಣಿಯನ್ನು, ಎಂದರೆ ಬದುವನ್ನು, ಒಡೆದು ನುಗ್ಗಿದರೆ ಉಪ್ಪು ಕೂತು ಪೈರು ಕೆಂಪಾಗುತ್ತಿತ್ತು. ತೆನೆ ಬಂದರೂ ಒಳಗೆ ಜೊಳ್ಳು.

ಅದು ಯುದ್ಧದ ಕಾಲ. ಬರ್ಮಾ ಅಕ್ಕಿ ನಿಂತುಹೋಗಿತ್ತು. ಎಕರೆಗೆ ಎಷ್ಟು ಭತ್ತ ಬೆಳೆಯುತ್ತದೆಂದು ಸರಕಾರ ಲೆಕ್ಕ ತೆಗೆಸಲು ಹೊರಟಿತು. ಯಾವ ಮನೆಯವರು ಎಷ್ಟು ಭತ್ತ ಸರಕಾರಕ್ಕೆ ಅಳೆದು ಕೊಡಬೇಕೆಂಬುದು ಆ ಲೆಕ್ಕದ ಮೇಲೆ ನಿಶ್ಚಯವಾಗುತ್ತಿತ್ತು.

ಒಬ್ಬ ಅಧಿಕಾರಿ ಬಂದರು. ಜೊತೆಗೆ ಗುಮಾಸ್ತ, ಹಿಂದೆ ಹಗ್ಗ, ಗೂಟ, ತಕ್ಕಡಿ ಹೊತ್ತ ಕಚೇರಿಯ ಆಳು, ಉಗ್ರಾಣಿ. ಅಧಿಕಾರಿ ಬಳ್ಳಾರಿ ಕಡೆಯವರು, ತುಳು ಬಾರದು. ಮಾವನಿಗೆ ತುಳು ಬಿಟ್ಟು ಬೇರೆ ಬಾರದು. ಐದನೇ ಕ್ಲಾಸು ಕಲಿತಿದ್ದ ನಾನೇ ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಹೇಳಬೇಕಾಯಿತು.

"ಹಗ್ಗ ಎಲ್ಲಿ ಹಾಕೋಣ?" ಎಂದು ಅಧಿಕಾರಿ ಕೇಳಿದರು.

"ಕೆಳಗೆ ದೊಡ್ಡ ಗದ್ದೆ ಉಂಟು ಸ್ವಾಮಿ," ಎಂದು ನಾನು ಶುರುಮಾಡುವಷ್ಟರಲ್ಲಿ ಮಾವ ಮೇಲಿನ ಗದ್ದೆಯತ್ತ ಕೈ ನೀಡಿದರು. "ಇದನ್ನು ನೋಡ್ಲಿಕ್ಕೆ ಹೇಳು. ಬಲ್ಮಠದಿಂದ ಹೊಳೆಯವರೆಗೆ ಇಂಥ ತೆನೆ ಇಲ್ಲ ಅಂತ ಹೇಳು."

"ಮಾವ, ಬೈಲನ್ನು ತೋರಿಸುವ."

"ನಾನು ಹೇಳಿದ್ದನ್ನು ಹೇಳು."

ಹೇಳಿದೆ. ಅಧಿಕಾರಿ ಒಮ್ಮೆ ಕೆಳಗಿನ ಕೆಸರು ನೋಡಿದರು, ಒಮ್ಮೆ ತಮ್ಮ ಬೂಟ್ಸು ನೋಡಿಕೊಂಡರು. "ಇದೇ ಸಾಕು," ಎಂದರು.

ನಾಲ್ಕು ಗೂಟ ಊರಿ, ಹಗ್ಗ ಬಿಗಿದು, ಅದರೊಳಗಿನ ಪೈರನ್ನು ಕೊಯ್ದು ಚಾಪೆಯ ಮೇಲೆ ಬಡಿದರು. ಭತ್ತ ತೂಗಿ ಅಧಿಕಾರಿ "ಭೇಷ್" ಎಂದರು. ಅದನ್ನು ತುಳುವಿಗೆ ತಿರುಗಿಸುವ ಅಗತ್ಯವಿರಲಿಲ್ಲ. ಮಾವ ತಾವೇ ಮರ ಹತ್ತಿ ಎಳನೀರು ಇಳಿಸಿದರು.

ಕೆಲವು ದಿನ ಕಳೆದು ಉಗ್ರಾಣಿ ಬಂದು ನಾವು ಕೊಡಬೇಕಾದ ಭತ್ತ ಎಷ್ಟೆಂದು ತಿಳಿಸಿದ. ಎರಡೂ ಗದ್ದೆಯನ್ನು ಮೇಲಿನ ಗದ್ದೆಯ ಅಳತೆಯಲ್ಲೇ ಗುಣಿಸಿದ್ದರು. ಅಮ್ಮ ಕೇಳಿಸಿಕೊಂಡು, ಉಗ್ರಾಣಿ ಅಂಗಳ ದಾಟಲೆಂದು ಕಾದರು.

"ನಿಮ್ಮ ಮೀಸೆಯನ್ನು ಬೇಯಿಸಿ ಮಕ್ಕಳಿಗೆ ಬಡಿಸ್ಲಾ ಅಣ್ಣ?" ಎಂದು ಕೇಳಿದರು.

ಮಾವ ಎದ್ದು ಹಟ್ಟಿಗೆ ಹೋದರು.

ಕೊಟ್ಟೆವು. ಆಟಿ ತಿಂಗಳ ಮಳೆಯಲ್ಲಿ ಭತ್ತ ಬೆಳೆದ ನಾವು ರೇಶನ್ ಅಂಗಡಿಯ ಸಾಲಿನಲ್ಲಿ ಓಲೆಯ ಗೊರಬೆ ಹಾಕಿಕೊಂಡು ನಿಂತೆವು. "ಗದ್ದೆ ಇದ್ದವರಿಗೆ ಎಂತಕ್ಕೆ ಅಕ್ಕಿ?" ಎಂದು ಅಂಗಡಿಯವನು ಎಲ್ಲರೆದುರು ಕೇಳಿದ. ಸಿಕ್ಕಿದ ಅಕ್ಕಿಯಲ್ಲಿ ಹುಳದ ಬಲೆ, ಮುಗ್ಗಲು ವಾಸನೆ. ಗಂಜಿ ಬಾಯಿಗಿಟ್ಟರೆ ಮಗು ಉಗುಳುತ್ತಿತ್ತು. ನನಗೆ ಆಗ ಸಿಟ್ಟು ಬಂದದ್ದು ಅರ್ಧ ಸರಕಾರದ ಮೇಲೆ, ಅರ್ಧ ಮಾವನ ಮೇಲೆ.

ಮರುವರ್ಷ ಹುಣಿ ಒಡೆದು ಬೈಲಿಗೆ ಬೈಲೇ ಕೆಂಪಾಯಿತು. ಅಧಿಕಾರಿ ಬರುತ್ತಾರೆಂಬ ಸುದ್ದಿ ಹುಟ್ಟಿದ್ದೇ ಅಮ್ಮ ನನ್ನ ಕೈಗೆ ಕತ್ತಿ ಕೊಟ್ಟರು. ಮಾವ ತೊಕ್ಕೊಟ್ಟಿನಲ್ಲಿದ್ದರು. ಇನ್ನೂ ಹಸಿರು ಪೂರ್ತಿ ಆರದಿದ್ದ ಮೇಲಿನ ಗದ್ದೆಯನ್ನು ನಾವಿಬ್ಬರೇ ಕೊಯ್ದು ಮುಗಿಸಿದೆವು. ಮಾವ ಬಂದವರು ಕೂಳೆ ನೋಡಿ ನಿಂತುಬಿಟ್ಟರು.

"ಎಂತ ಮಾಡಿದ್ದು ನೀವು? ಅವರಿಗೆ ಎಂತ ತೋರಿಸುವುದು ನಾನು?"

"ಇದ್ದದ್ದನ್ನು ತೋರಿಸಿ," ಎಂದರು ಅಮ್ಮ.

ಈ ಸಲ ಅಧಿಕಾರಿಗೆ ಬೇರೆ ದಾರಿ ಇರಲಿಲ್ಲ. ಹುಣಿಯ ಮೇಲೆ ಬೂಟ್ಸು ಕಳಚಿಟ್ಟು, ಪ್ಯಾಂಟು ಮಡಚಿ ಬೈಲಿಗೆ ಇಳಿದರು. ಹಗ್ಗ ಬಿಗಿದರು, ಕೊಯ್ದರು, ಬಡಿದರು. ಗೆರಸೆಯಲ್ಲಿ ತೂರಿದರೆ ಮುಕ್ಕಾಲು ಭಾಗ ಗಾಳಿಗೆ ಹಾರಿತು. ನೆರೆಕರೆಯವರು ಹುಣಿಯ ಮೇಲೆ ಸೇರಿದ್ದರು.

ಅಧಿಕಾರಿ ನಂಬಲಿಲ್ಲ. "ಹೋದ ವರ್ಷ ಅಷ್ಟು ಬೆಳೆದವರಿಗೆ ಈ ವರ್ಷ ಏನಾತು?"

ಉಪ್ಪುನೀರಿನ ಮಾತು ಹೇಳಿದೆ. ಅವರು ಇಲ್ಲವೆಂದು ತಲೆಯಾಡಿಸಿದರು. ಆಗ ಮಾವ ಮುಂದೆ ಬಂದರು. ಬೈರಾಸನ್ನು ಹೆಗಲಿನಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದರು.

"ಹೇಳು ಅವರಿಗೆ. ನಾನು ಬೇಸಾಯ ಬಾರದವ ಅಂತ ಹೇಳು. ನನ್ನ ಕೈಯಲ್ಲಿ ಬೆಳೆ ಆಗುವುದಿಲ್ಲ ಅಂತ ಹೇಳು. ಹೋದ ವರ್ಷ ಹೇಳಿದ್ದು ಬರೀ ಬಾಯಿಬಡಾಯಿ ಅಂತ ಹೇಳು."

ನಾನು ಮಾವನ ಕಡೆ ತಿರುಗಿದೆ.

"ಹೇಳು ಮಗಾ," ಎಂದರು ಮಾವ, ಮೆಲ್ಲನೆ.

ಅಧಿಕಾರಿಯ ಅಂಗಿಯ ಗುಂಡಿ ನೋಡುತ್ತಾ ಒಂದೊಂದೇ ಮಾತನ್ನು ಕನ್ನಡಕ್ಕೆ ತಂದು ಹೇಳಿದೆ. ನೆರೆಕರೆಯವರಲ್ಲಿ ಒಬ್ಬ ನಕ್ಕ. ಅಧಿಕಾರಿ ಮಾವನ ಮುಖವನ್ನೂ ನೋಡಲಿಲ್ಲ.

"ಇದನ್ನ ಬರೆದರೆ ಮೇಲಿನವರು ನನ್ನ ಕೇಳ್ತಾರ. ಒಂದು ವರ್ಷದಾಗ ಇಷ್ಟು ಇಳಿಯೂದಿಲ್ಲ," ಎಂದವರು ಗುಮಾಸ್ತನಿಗೆ ಹೇಳಿದರು, "ಹೋದ ವರ್ಷದ್ದೇ ಹಾಕು."

"ಹಾಗಾದ್ರೆ ಹಗ್ಗ ಎಂತಕ್ಕೆ ತಂದದ್ದು ಸ್ವಾಮಿ?" ಎಂದು ಕೇಳಿದೆ.

ಅವರು, "ಹೆಣ್ಮಗಳು ಭಾಳ ಮಾತಾಡ್ತಾಳ," ಎಂದು ಉಗ್ರಾಣಿಯ ಕಡೆ ತಿರುಗಿದರು.

ಚಾಪೆಯ ಮೇಲೆ ಉಳಿದಿದ್ದ ಜೊಳ್ಳನ್ನು ಮಡಿಲಿಗೆ ತುಂಬಿಕೊಂಡೆ. ಹುಣಿ ಹತ್ತಿ ಅಲ್ಲಿದ್ದ ಬೂಟ್ಸಿನೊಳಗೆ ಸುರಿದೆ. ಎರಡೂ ತುಂಬುವವರೆಗೆ ಸುರಿದೆ. ಅಧಿಕಾರಿ ಬೂಟ್ಸನ್ನು ಬೋರಲು ಹಾಕಿ ಕೊಡವಿ, ಕೆಸರುಗಾಲಿನಲ್ಲೇ ಹೊರಟುಹೋದರು.

ಅದರ ಫಲ ಮಾವ ಉಣ್ಣಬೇಕಾಯಿತು. ಕಚೇರಿಯಿಂದ ಕರೆ ಬಂತು. ನನ್ನ ಪರವಾಗಿ ಅವರು ಹೋಗಿ ಜಗಲಿಯಲ್ಲಿ ಮಧ್ಯಾಹ್ನದವರೆಗೆ ನಿಂತು ಕೈಮುಗಿದು ಬಂದರು. ಕೊಡಬೇಕಾದ ಭತ್ತದಲ್ಲಿ ಒಂದು ಸೇರೂ ಕಡಿಮೆಯಾಗಲಿಲ್ಲ. ಬಿತ್ತಕ್ಕೆ ಇಟ್ಟದ್ದನ್ನೂ ಸೇರಿಸಿ ಕೊಟ್ಟೆವು. ಮನೆಗೆ ಬಂದ ಮಾವ ನನಗೆ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಇಷ್ಟಕ್ಕೇ ಮುಗಿಯಲಿಲ್ಲ. ಸರಕಾರದ ಲೆಕ್ಕ ಧಣಿಗಳ ಕಿವಿಗೂ ಬಿದ್ದಿತ್ತು. "ಬೈಲಿನಲ್ಲಿ ಅಷ್ಟು ಬೆಳೆಯುವುದಾದರೆ ಗೇಣಿ ಏರಿಸ್ಬೇಕಲ್ಲ ಮಾರಾಯ," ಎಂದರಂತೆ. ಮಾವ ಚೌಕಾಸಿ ಮಾಡದೆ, ಬೈಲನ್ನು ಅವರಿಗೇ ಬಿಟ್ಟು ಬಂದರು. ನನಗೆ ಇಂದಿಗೂ ರಕ್ತ ಕುದಿಯುವುದು ಭತ್ತಕ್ಕಾಗಿ ಅಲ್ಲ. ಅಷ್ಟು ಹೆಮ್ಮೆಯ ಮನುಷ್ಯ ಹತ್ತು ಜನರೆದುರು ತನ್ನನ್ನು ತಾನೇ ಹಳಿದುಕೊಂಡ. ಅದನ್ನಾದರೂ ಆ ಅಧಿಕಾರಿ ಬರೆದುಕೊಳ್ಳಬೇಕಿತ್ತು.

ಮೇಲಿನ ಗದ್ದೆಯೊಂದಕ್ಕೆ ಜೋಡಿ ಕೋಣಗಳು ಬೇಕಿರಲಿಲ್ಲ. ಮಾವ ಅವನ್ನು ತೊಕ್ಕೊಟ್ಟಿಗೆ, ಹೆಂಡತಿಯ ಮನೆಗೆ, ಹೊಡೆದುಕೊಂಡು ಹೋದರು, ದೋಣಿಯ ಹಿಂದೆ ಹಗ್ಗ ಕಟ್ಟಿ, ಹೊಳೆಯಲ್ಲಿ ಈಜಿಸಿಕೊಂಡು. ಅಮ್ಮ ದಡದವರೆಗೆ ಹೋಗಿದ್ದರು. ಬುತ್ತಿ ಕಟ್ಟಿಕೊಟ್ಟು, "ಅಣ್ಣ, ನಾಟಿಗೆ ಬನ್ನಿ," ಎಂದು ಕರೆದರಂತೆ. ಮಾವ ಕೋಣಗಳ ಮೂಗು ನೀರಿನ ಮೇಲಿದೆಯೇ ಎಂದು ನೋಡುತ್ತಿದ್ದರಂತೆ.