ಪಟ್ಟಿಯಲ್ಲಿಲ್ಲದ ಎಂಟನೆಯ ಮನೆ

ದೆವ್ವ, ಗಾಳಿ ಎಂದರೆ ನಗುತ್ತಿದ್ದವನು ನಾನು. ಈಗಲೂ ಪೂರ್ತಿ ನಂಬುತ್ತೇನೆಂದು ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದೆ ನಡೆದದ್ದನ್ನು ಮುಚ್ಚಿಟ್ಟುಕೊಂಡು ಸಾಯಲು ಮನಸ್ಸಿಲ್ಲ.

ಕುಂದಲಹಳ್ಳಿ ಪಕ್ಕದ ನಮ್ಮೂರಿನಲ್ಲಿ, ಕೆರೆಯ ಕಡೆಗೆ ನನ್ನ ಹರೆಯದಲ್ಲಿ ಎಂಟೇ ಮನೆ. ನಾನು ಎಸ್ಸೆಸ್ಸೆಲ್ಸಿ ಓದಿದವನೆಂದು, ಸರ್ವೆಯವರು ಬಂದಾಗ ಮನೆಗಳ ಪಟ್ಟಿ ಬರೆಯಲು ನನಗೇ ಹೇಳಿದರು. ಏಳು ಬರೆದೆ. ಎಂಟನೆಯದು ವಿಧವೆ ಪುಟ್ಟತಾಯಮ್ಮನ ಗುಡಿಸಲು. ನಮ್ಮ ಹೊಲಕ್ಕೆ ಅಂಟಿಕೊಂಡಿತ್ತು. "ಸಣ್ಣಪ್ಪ, ನಂದೂ ಬರ್ಕಂಡ್ಯಾ?" ಎಂದು ಕೇಳಿದ್ದಳು. ಹ್ಞೂಂ ಎಂದೆ. ಪಟ್ಟಿಯಲ್ಲಿಲ್ಲದ ಗುಡಿಸಲನ್ನು ಕಿತ್ತುಹಾಕಿದರು. ಅವಳು ಎಲ್ಲಿಗೆ ಹೋದಳೋ ನಾನು ವಿಚಾರಿಸಲಿಲ್ಲ. ಜಾಗ ನಮ್ಮದಾಯಿತು.

ಈಗ ಅಲ್ಲಿ ನನ್ನ ಬಾಡಿಗೆ ರೂಮುಗಳಿವೆ. ಯಾದಗಿರಿ, ರಾಯಚೂರು, ಬಿಹಾರದ ಜನ ಇದ್ದಾರೆ. ಹಳೆಯ ಎಂಟು ಮನೆಯವರಲ್ಲಿ ಊರಲ್ಲಿ ಉಳಿದವನು ನಾನೊಬ್ಬನೇ. ಎಲ್ಲರಿಗೂ ನಾನು 'ಓನರ್'. ಸಣ್ಣಪ್ಪ ಎಂದು ಕರೆಯುವವರು ಯಾರೂ ಇಲ್ಲ.

ಒಂದು ಬೆಳಿಗ್ಗೆ ಶಾಲೆಯ ಮೇಡಂ ಒಬ್ಬರು ಮನೆಮನೆಯ ಜನರನ್ನು ಬರೆದುಕೊಳ್ಳಲು ಬಂದರು. ನಾನೇ ಬಾಗಿಲು ತೋರಿಸುತ್ತಾ ಹೋದೆ. ಕೊನೆಯ ರೂಮಿನಲ್ಲಿ ಯಾದಗಿರಿಯ ಬಸಮ್ಮ. ಗಾರೆ ಕೆಲಸದವಳು, ಬಂದು ಹದಿನೈದು ದಿನವಾಗಿತ್ತು.

"ಓನರ್, ಹಿತ್ತಲದಾಗ ಇರೋ ಮುದುಕಿದೂ ಬರಸ್ರೀ" ಎಂದಳು.

"ಯಾವ ಮುದುಕಿ? ಹಿಂದೆ ಬರೀ ಕಾಂಪೌಂಡ್ ಗೋಡೆ ಕಣಮ್ಮ."

"ಅಯ್ಯ, ದಿನಾ ಮುಂಜಾನಿ ಕುಂತಿರ್ತಾಳ್ರೀ. ಸಣ್ಣಪ್ಪ ಅಂದ್ರ ಯಾರ್ರೀ? ಅವಂಗ ಹೇಳು ಅಂದಾಳ." ಆಮೇಲೆ ನಗುತ್ತಾ ಮುದುಕಿಯ ಧಾಟಿಯಲ್ಲೇ ಅಂದಳು: "'ಬಿಟ್ಬುಟ್ಟು ಓಗ್ಬ್ಯಾಡ, ನಂದೂ ಬರ್ಕ.' ಏನ್ ಮಾತ್ರೀ ನಿಮ್ಮ ಕಡೀದು!"

ಹಿತ್ತಿಲಿಗೆ ಹೋದೆ. ಯಾರೂ ಇರಲಿಲ್ಲ. ಗೋಡೆಯಾಚೆಯ ಆಫೀಸಿನ ಗಾಜಿನಲ್ಲಿ ನಾನೊಬ್ಬನೇ ಕಾಣಿಸಿದೆ.

"ಇನ್ಯಾರಾದ್ರೂ ಇದಾರಾ ಸಾರ್?" ಮೇಡಂ ಕೇಳಿದರು.

"ಇದಾರೆ. ಪುಟ್ಟತಾಯಮ್ಮ ಅಂತ ಬರ್ಕೊಳಿ."

"ವಯಸ್ಸು?"

ಅದನ್ನು ನಾನು ಅವಳನ್ನು ಎಂದೂ ಕೇಳಿರಲಿಲ್ಲ.

"ಅವರನ್ನೇ ಕರೀರಿ, ಕೇಳ್ತೀನಿ."

ಬಸಮ್ಮ ಹೋಗಿ ನೋಡಿ ಬಂದಳು. "ಎದ್ದು ಹೋಗ್ಯಾಳ್ರೀ."

"ಜನ ಇಲ್ದೆ ಬರ್ಕೊಳಕ್ಕಾಗಲ್ಲ ಸಾರ್" ಎಂದು ಮೇಡಂ ನನ್ನ ಕಣ್ಣೆದುರೇ ಆ ಹೆಸರಿನ ಮೇಲೆ ಗೀಟು ಎಳೆದರು.

ಬಸಮ್ಮನಿಗೆ ಸಣ್ಣಪ್ಪ ಎಂಬ ಹೆಸರು, ಆ ಮುದುಕಿಯ ಧಾಟಿ ಎಲ್ಲಿಂದ ಬಂತೋ ಇವತ್ತಿಗೂ ಗೊತ್ತಾಗಿಲ್ಲ. ಮುದುಕಿ ಮತ್ತೆ ಅವಳಿಗೂ ಕಾಣಿಸಲಿಲ್ಲವಂತೆ. ನಾನು ಮಾತ್ರ ದಿನಾ ಬೆಳಿಗ್ಗೆ ಹಿತ್ತಿಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬರುತ್ತೇನೆ. ಕಾಣಿಸಿದರೆ ಮೊದಲು ವಯಸ್ಸು ಕೇಳಬೇಕು.