ಮಫ್ಲರಿಗೆ ಸುತ್ತಿದ ಬಟ್ಟೆ

೨೦೦೧ರಲ್ಲಿ ನಾನು ಡಲ್ಲಾಸ್ ಪಕ್ಕದ ಇರ್ವಿಂಗ್‌ನಲ್ಲಿ, ಸಿ.ಡಿ.ಗಳನ್ನು ಡಬ್ಬಿಗೆ ತುಂಬುವ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಅಲ್ಲಿ ನನ್ನ ಅಕ್ಕ ಸರೋಜಳ ಮೇಲೆ ಒಂದು ತಪ್ಪು ಹೊರಿಸಿದರು. ಅದು ನನ್ನದು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಹೇಳಲಿಲ್ಲ.

ನಾನು ಎಸ್ಸೆಸ್ಸೆಲ್ಸಿ ಫೇಲು. ಮದುವೆಯಾಗಿ ಟೆಕ್ಸಸ್‌ಗೆ ಬಂದವಳು. ಅಕ್ಕ ನನಗಿಂತ ಮೊದಲೇ ಬಂದಿದ್ದಳು. ನನ್ನನ್ನು ಆ ಕೆಲಸಕ್ಕೆ ಸೇರಿಸಿದವಳೂ ಅವಳೇ. ಇಬ್ಬರೂ ಟೆಂಪರರಿ. ಅಕ್ಕನನ್ನು ಪರ್ಮನೆಂಟ್ ಮಾಡುವ ಮಾತು ನಡೆದಿತ್ತು. ಹಾಗಾದರೆ ಹೆಲ್ತ್ ಇನ್ಶೂರೆನ್ಸ್ ಸಿಗುತ್ತದೆ, ಭಾವನ ಸಕ್ಕರೆ ಕಾಯಿಲೆಗೆ ಸರಿಯಾಗಿ ಡಾಕ್ಟರಿಗೆ ತೋರಿಸಬಹುದು ಎಂದು ಕಾದಿದ್ದಳು.

ಅಕ್ಕ ನಡೆಸುತ್ತಿದ್ದ ಮಷೀನಿನ ತೋಳಿನ ತುದಿಗೆ ರಬ್ಬರಿನ ಪುಟ್ಟ ಬಟ್ಟಲುಗಳಿದ್ದವು. ಅವಕ್ಕೆ ಸಕ್ಷನ್ ಕಪ್ ಎನ್ನುತ್ತಾರೆ. ಅವು ಸಿ.ಡಿ.ಯನ್ನು ಹೀರಿ ಹಿಡಿದು, ಎತ್ತಿ, ತೆರೆದ ಡಬ್ಬಿಯಲ್ಲಿಟ್ಟು ಬಿಡುತ್ತಿದ್ದವು. ಮೊದಲ ದಿನದಿಂದಲೂ ನನಗೊಂದು ಪ್ರಶ್ನೆ. ಮಷೀನಿಗೆ ಬರುತ್ತಿದ್ದುದು ಕಂಪ್ರೆಸರಿನ ಗಾಳಿ, ಸೈಕಲ್ ಟ್ಯೂಬಿಗೆ ಹೊಡೆಯುವಂಥದ್ದು. ಊದುವ ಗಾಳಿ ಹೀರುವುದು ಹೇಗೆ? ಬೇರೆ ಪಂಪು ಎಲ್ಲಾದರೂ ಅಡಗಿರಬೇಕೆಂದು ಒರೆಸುವ ನೆಪದಲ್ಲಿ ಮಷೀನಿನ ಹಿಂದೆಲ್ಲ ಹುಡುಕಿದೆ. ಒಂದು ಮುಚ್ಚಳದಡಿ ಸಿಕ್ಕಿದ್ದು ಬೆರಳುದ್ದದ ಲೋಹದ ತುಂಡು, ಅದರ ಬಾಯಿಗೆ ಸಣ್ಣ ತೂತುಗಳ ಪ್ಲಾಸ್ಟಿಕ್ ಟೊಪ್ಪಿಗೆ. ಕಿವಿ ಕೊರೆಯುವ ಸುಯ್ ಸದ್ದು ಹೊರಡುತ್ತಿದ್ದುದು ಅಲ್ಲಿಂದಲೇ.

ಅಕ್ಕನಿಗೆ ಅರೆತಲೆನೋವು. "ಆ ಸದ್ದು ತಲೆ ಒಳಗೇ ಕೂತ್ಬಿಟ್ಟಿದೆ ಕಣೇ ನಾಗು, ಮನೆಗೆ ಹೋದ್ರೂ ಬಿಡಲ್ಲ" ಎನ್ನುತ್ತಿದ್ದಳು. ಒಂದು ದಿನ ನಾನು ಹಳೆಯ ಹತ್ತಿ ಸೀರೆಯ ಚೂರೊಂದನ್ನು ತಂದು ಆ ಟೊಪ್ಪಿಗೆಗೆ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿದೆ. ಸದ್ದು ಎಷ್ಟೋ ತಗ್ಗಿತು.

"ಏನೇ, ಇವತ್ತು ಮಷೀನ್ ಮೆತ್ತಗಾಗಿದೆ? ನಿನ್ನ ಕಂಡು ಹೆದರ್ಕೊಂತಾ?" ಎಂದು ಅಕ್ಕ ನಕ್ಕಳು. ಹೇಳೋಣವೆನ್ನಿಸಿತು. ಆದರೆ ನಮ್ಮಂಥವರು ಮಷೀನಿನ ಒಳಗೆ ಕೈಹಾಕಿದರೆ ಕೆಲಸವೇ ಹೋಗುತ್ತಿತ್ತು. ಸುಮ್ಮನಾದೆ.

ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ಸಿ.ಡಿ.ಗಳು ದಾರಿ ಮಧ್ಯೆ ಬೀಳತೊಡಗಿದವು. ಮೊದಲು ಅಪರೂಪಕ್ಕೆ, ಆಮೇಲೆ ರಾಶಿ ರಾಶಿ. ಗೀರು ಬಿದ್ದದ್ದೆಲ್ಲ ಕಸಕ್ಕೆ. ಮೆಕ್ಯಾನಿಕ್ ಬಂದು ಕಪ್ ಬದಲಿಸಿದ, ಪ್ರಯೋಜನವಾಗಲಿಲ್ಲ. ಸೂಪರ್‌ವೈಸರ್ ಕ್ಯಾಥಿ ಕಪ್ಪಿನ ಮೇಲೆ ಬೆರಳಾಡಿಸಿ ನೋಡಿ ಜಿಡ್ಡಿದೆ ಎಂದಳು. ನಂತರ ಅಕ್ಕನ ಜಡೆಯ ಕಡೆ ನೋಡಿದಳು. ಅಕ್ಕ ತಲೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು, ದಿನವೂ ಕಪ್ ಒರೆಸುವವಳೂ ಅವಳೇ. ನಿನ್ನ ಎಣ್ಣೆ ಕೈಯಿಂದಲೇ ಹೀಗಾಗುತ್ತಿದೆ ಎಂದು ಕ್ಯಾಥಿ ಎಲ್ಲರೆದುರಿಗೆ ಅಂದುಬಿಟ್ಟಳು.

ಮರುದಿನದಿಂದ ಅಕ್ಕ ಎಣ್ಣೆ ಬಿಟ್ಟಳು. ಗ್ಲೌಸ್ ಹಾಕಿದಳು. ಊಟದ ಹೊತ್ತಿನಲ್ಲಿ ಅಂಗೈಯನ್ನು ನನ್ನ ಮೂಗಿಗೆ ಹಿಡಿದು, "ಮೂಸಿ ಹೇಳೇ, ಇನ್ನೂ ವಾಸನೆ ಇದೆಯಾ?" ಎಂದು ಕೇಳಿದಳು. ಸೋಪಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಸಿ.ಡಿ. ಬೀಳುವುದು ನಿಲ್ಲಲಿಲ್ಲ. ಕೊನೆಗೊಂದು ಬೆಳಿಗ್ಗೆ ಅವಳನ್ನು ರಟ್ಟಿನ ಪೆಟ್ಟಿಗೆ ಮಡಿಸುವ ಕೆಲಸಕ್ಕೆ ಕಳಿಸಿ, ಆ ಮಷೀನಿಗೆ ನನ್ನನ್ನು ಹಾಕಿದರು.

ಅದೇ ದಿನ ಕಾರ್ಖಾನೆಯವರು ಕರೆಸಿದ್ದರಿಂದ ಹ್ಯೂಸ್ಟನ್‌ನಿಂದ ದೇಸಾಯಿ ಅಂಕಲ್ ಬಂದರು. ಗದಗಿನ ಕಡೆಯವರು, ಮಷೀನು ರಿಪೇರಿಯಲ್ಲಿ ಪಳಗಿದವರು. ಅವರು ಸಾಮಾನು ಹರಡಿಕೊಂಡಿದ್ದ ಮೇಜಿನ ಮೇಲೆ ನಾನು ಕಂಡಂಥದೇ ಲೋಹದ ತುಂಡಿತ್ತು. ತಡೆಯಲಾರದೆ ಕೇಳಿದೆ: "ಅಂಕಲ್, ಊದೋ ಗಾಳಿ ಹೀರೋದು ಹೇಗೆ?"

"ಬಾರವಾ ಇಲ್ಲೆ. ಇಷ್ಟು ವರ್ಷದಾಗ ಒಬ್ರೂ ಇದನ್ನ ಕೇಳಿಲ್ಲ. ರಿಪೇರಿ ಯಾವಾಗ ಆಗ್ತದ, ಅದಷ್ಟ ಕೇಳ್ತಾರ."

ಆ ತುಂಡಿನ ಹೆಸರು ಇಜೆಕ್ಟರ್. ಒಳಗೆ ತೀರ ಸಣ್ಣ ತೂತೊಂದಿದೆ. ಒತ್ತಡದ ಗಾಳಿ ಅದರಲ್ಲಿ ನುಗ್ಗುವಾಗ ವೇಗ ಹೆಚ್ಚುತ್ತದೆ. ಆ ರಭಸದಲ್ಲಿ ಪಕ್ಕದ ಗಾಳಿಯನ್ನೂ ಎಳೆದುಕೊಂಡು ಎದುರಿನ ಬಾಯಿಂದ ಹೊರಗೋಡುತ್ತದೆ. "ಲಾರಿ ಜೋರಾಗಿ ಹೋದ್ರ ರಸ್ತೆ ಮ್ಯಾಗಿನ ಕಾಗದ ಅದರ ಹಿಂದ ಓಡ್ತದಲ್ಲ, ಹಂಗ" ಎಂದರು ಅಂಕಲ್. ಪಕ್ಕದಲ್ಲೊಂದು ದಾರಿ ಮಾಡಿ ಅದಕ್ಕೆ ಕಪ್ ಜೋಡಿಸಿದರೆ ಕಪ್ಪಿನೊಳಗಿನ ಗಾಳಿ ಬರಿದಾಗುತ್ತದೆ. ಅದೇ ವ್ಯಾಕ್ಯೂಮ್. ಮೋಟಾರಿಲ್ಲ, ತಿರುಗುವ ಚಕ್ರವಿಲ್ಲ. ಅಂಕಲ್ ಗಾಳಿ ಬಿಟ್ಟರು; ಹಾಳೆಯೊಂದು ಕಪ್ಪಿಗೆ ಟಪಕ್ಕನೆ ಅಂಟಿತು. ನಾನು ಕಿತ್ತೆ, ಮತ್ತೆ ಅಂಟಿಸಿದೆ. ಮಕ್ಕಳ ಹಾಗೆ ನಕ್ಕೆ.

"ಈಗ ಮಜಾ ನೋಡು" ಎಂದು ಅಂಕಲ್ ಗಾಳಿ ಹೊರಹೋಗುವ ಬಾಯನ್ನು ಹೆಬ್ಬೆರಳಿಂದ ಮುಚ್ಚಿದರು. ಹಾಳೆ ಹಾರಿ ನನ್ನ ಮುಖಕ್ಕೆ ಬಡಿಯಿತು. "ಹೊರಗ ಹೋಗೂ ದಾರಿ ಮುಚ್ಚಿದ್ರ ಗಾಳಿ ಪಾಪ ಎಲ್ಲಿ ಹೋಗಬೇಕು? ಕಪ್ಪಿನ ಕಡೆನ ತಿರಗತದ. ಅರ್ಧ ಮುಚ್ಚಿದ್ರೂ ಎಳಿಯೂ ಶಕ್ತಿ ಹೋತು. ಅದಕ್ಕ ಬಾಯಿಗಿರೋ ಮಫ್ಲರ್, ಅದ ಆ ತೂತಿನ ಟೊಪ್ಪಿಗಿ, ಸ್ವಚ್ಛ ಇರಬೇಕು. ನಾಳೆ ನಿಮ್ ಮಷೀನ್ ಬಿಚ್ಚಿ ನೋಡ್ತೀನಿ."

ನಗು ಅಲ್ಲಿಗೇ ನಿಂತಿತು.

ಊಟದ ಬಿಡುವಿನಲ್ಲಿ ಹೋಗಿ ಬಟ್ಟೆ ಬಿಚ್ಚಿದೆ. ಗಾಳಿಯ ಜೊತೆ ಬಂದ ಕಂಪ್ರೆಸರಿನ ಎಣ್ಣೆ, ರಟ್ಟಿನ ಧೂಳು ಸೇರಿ ಅದು ಕಪ್ಪಾಗಿ, ಚರ್ಮದ ಹಾಗೆ ಗಟ್ಟಿಯಾಗಿತ್ತು. ಚೀಲದಲ್ಲಿಟ್ಟುಕೊಂಡೆ. ಮಧ್ಯಾಹ್ನದಿಂದ ಒಂದು ಸಿ.ಡಿ.ಯೂ ಬೀಳಲಿಲ್ಲ. ಮರುದಿನ ಅಂಕಲ್ ಬಿಚ್ಚಿ ನೋಡಿದರು, ದೋಷವೇನೂ ಕಾಣಲಿಲ್ಲ. ಕ್ಯಾಥಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಸರೋಜ ಹೋದಳು, ಮಷೀನು ಸರಿಹೋಯಿತು.

ನಾನು ಬಾಯಿ ಬಿಟ್ಟಿದ್ದರೆ ಅಕ್ಕನಿಗೆ ಅವಳ ಜಾಗ ಮರಳಿ ಸಿಗುತ್ತಿತ್ತು, ನನ್ನದು ಹೋಗುತ್ತಿತ್ತು. ಅಷ್ಟೇ ಲೆಕ್ಕ. ಅಕ್ಕ ಪರ್ಮನೆಂಟ್ ಆಗಲಿಲ್ಲ. ಕೆಲವು ತಿಂಗಳ ಮೇಲೆ ಭಾವನ ಜೊತೆ ಆಸ್ಟಿನ್‌ಗೆ ಶಿಫ್ಟ್ ಆದಳು.

ನಾನು ಅದೇ ಕಾರ್ಖಾನೆಯಲ್ಲಿ ಉಳಿದು, ದೇಸಾಯಿ ಅಂಕಲ್ ಬಂದಾಗಲೆಲ್ಲ ಕೇಳಿ ಕೇಳಿ ಕಲಿತು, ಮೆಕ್ಯಾನಿಕ್ ಆದೆ. ಕೆಟ್ಟ ಮಷೀನಿಗೆ ಎಲ್ಲರೂ ಕಾರಣ ಹುಡುಕುತ್ತಾರೆ. ಸರಿಹೋದ ಮಷೀನಿಗೆ ಯಾರೂ ಹುಡುಕುವುದಿಲ್ಲ. ಎದುರಿಗೆ ಕಂಡದ್ದನ್ನೇ ಕಾರಣವೆಂದು ನಂಬಿ ಎದ್ದುಹೋಗುತ್ತಾರೆ. ಈ ಕೆಲಸ ನನಗೆ ಕಲಿಸಿದ್ದು ಅದನ್ನು. ಈಗ ನಾನು ರಿಪೇರಿ ಮುಗಿದ ಮೇಲೂ, ಏನು ಮಾಡಿದ್ದರಿಂದ ಸರಿಹೋಯಿತು ಎಂದು ಕೇಳದೆ ಬಿಡುವುದಿಲ್ಲ.

೨೦೦೬ರಲ್ಲಿ ಒಂದು ಭಾನುವಾರ ಆಸ್ಟಿನ್‌ಗೆ ಹೋಗಿದ್ದೆ. ಅಕ್ಕ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಅಲ್ಲಿಗೆ ಊಟದ ತಟ್ಟೆಗಳನ್ನು ಸೀಲ್ ಮಾಡುವ ಮಷೀನ್ ಬಂದಿತ್ತು. ಅದನ್ನು ನಡೆಸಲು ಅಕ್ಕನನ್ನು ಕೇಳಿದ್ದರಂತೆ. ಕೆಲಸ ಪರ್ಮನೆಂಟ್, ಇನ್ಶೂರೆನ್ಸೂ ಇತ್ತು. ಅಕ್ಕ ಬೇಡವೆಂದಿದ್ದಳು.

"ಯಾಕಕ್ಕ?"

ಅಕ್ಕ ಅವರೆಕಾಳು ಹಿಸುಕುತ್ತಿದ್ದಳು. ತಲೆಯೆತ್ತಲಿಲ್ಲ. "ನನ್ ಕೈಗೆ ಮಷೀನ್ ಆಗ್ಬರಲ್ಲ ಕಣೇ. ನಿಂಗೇ ಗೊತ್ತಲ್ಲ."

ನನಗೇ ಗೊತ್ತಿತ್ತು.

"ಅಕ್ಕ, ನಿನ್ ಕೈಯಿಂದ ಏನೂ ಆಗಿರ್ಲಿಲ್ಲ. ಸದ್ದು ತಗ್ಗಲಿ ಅಂತ ಗಾಳಿ ಹೋಗೋ ಬಾಯಿಗೆ ಬಟ್ಟೆ ಸುತ್ತಿದ್ದು ನಾನು, ಸಿ.ಡಿ. ಬೀಳ್ತಿದ್ದದ್ದು ಅದಕ್ಕೇ. ನಿನ್ನ ಅಲ್ಲಿಂದ ತೆಗೆದ ದಿನಾನೇ ಅದನ್ನ ಬಿಚ್ಚಿದ್ದೂ ನಾನೇ. ಎಲ್ಲಾ ಗೊತ್ತಿದ್ದೂ ನಿನ್ನ ಜಾಗದಲ್ಲಿ ಹೋಗಿ ನಿಂತೆ. ನಾಳೆ ಆ ಕೆಲಸಕ್ಕೆ ಹ್ಞೂಂ ಅನ್ನು. ನನ್ನ ಕ್ಷಮಿಸ್ತೀಯೋ ಬಿಡ್ತೀಯೋ ನಿನಗೆ ಬಿಟ್ಟದ್ದು. ತಪ್ಪಾಯ್ತಕ್ಕ."