ನಿಮಗೆ ಯಾವುದು ಮುಖ್ಯ?

ಮುಂಬಯಿಯ ಸಯನ್‌ನಲ್ಲಿ ಒಂದೊಂದೇ ಕೋಣೆಯ ಮನೆಗಳ ಹಳೇ ಚಾಳ್ ಒಂದನ್ನು ಕೆಡವುವ ಮೊದಲು, ಅಲ್ಲಿನವರಿಗೆ ಎಂಥ ಮನೆ ಬೇಕೆಂದು ಕೇಳಿ ಬರೆದುಕೊಳ್ಳುವ ಕೆಲಸ ನಮ್ಮ ಪರೇಲ್ ಆಫೀಸಿಗೆ ಬಂದಿತ್ತು. ಕನ್ನಡದ ಮನೆಗಳನ್ನೆಲ್ಲ ನನ್ನ ತಲೆಗೆ ಕಟ್ಟಿದರು. ಎರಡೆರಡನ್ನೇ ಎದುರುಬದುರು ಇಟ್ಟು ಕೇಳಬೇಕು: ದಿನವಿಡೀ ನೀರೋ, ಲಿಫ್ಟೋ? ಲಿಫ್ಟೋ, ಹತ್ತಿರದ ಸ್ಟೇಷನ್ನೋ? ನಿಮಗೆ ಯಾವುದು ಮುಖ್ಯ?

ವಿಜಯಪುರ ಕಡೆಯ ಹೆಂಗಸೊಬ್ಬರ ಹಾಳೆ, ಉತ್ತರಗಳು ತಾಳೆಯಾಗುವುದಿಲ್ಲವೆಂದು, ಕಂಪ್ಯೂಟರಿನಲ್ಲಿ ಕೆಂಪಾಯಿತು. ಲಿಫ್ಟಿಗಿಂತ ನೀರು ಮುಖ್ಯ, ಸ್ಟೇಷನ್ನಿಗಿಂತ ಲಿಫ್ಟು ಮುಖ್ಯ. ಅಂದಮೇಲೆ ಸ್ಟೇಷನ್ನಿಗಿಂತ ನೀರು ಮುಖ್ಯವಾಗಲೇಬೇಕಲ್ಲ? ಆದರೆ ಈಕೆ ನೀರಿಗಿಂತ ಸ್ಟೇಷನ್ ಮುಖ್ಯ ಎಂದಿದ್ದರು. ನಾನೇ ತಪ್ಪು ಬರೆದೆನೇ ಎಂದು ಯೋಚಿಸಿ ಯೋಚಿಸಿ ತಲೆ ಮೊಸರುಗಡಿಗೆಯಾಯಿತು. ಒಂದು ಉತ್ತರ ತಿರುಗಿಸಿ ಸರಿಮಾಡು, ಇಲ್ಲವೇ ಹಾಳೆಯನ್ನೇ ಕೈಬಿಡು ಎಂದರು ಮೇಲಿನವರು. ಕೈಬಿಟ್ಟರೆ ಆ ಮನೆಯ ಮಾತು ಲೆಕ್ಕಕ್ಕೇ ಇಲ್ಲ. ಇನ್ನು ತಿರುಗಿಸೋಣವೆಂದರೆ, ಮೂರರಲ್ಲಿ ಯಾವುದನ್ನು ತಿರುಗಿಸಿದರೂ ಕಂಪ್ಯೂಟರಿಗೆ ಸಮಾಧಾನ, ನನಗಿಲ್ಲ.

ಸಿಟ್ಟಿನಲ್ಲೇ ಮತ್ತೆ ಹೋದೆ. ಆಕೆ ಕೆಲಸದ ಮನೆಗಳಿಂದ ಬಂದು ಜೋಳದ ಹಿಟ್ಟು ನಾದುತ್ತಿದ್ದರು. ಉತ್ತರಗಳನ್ನು ಓದಿ ಹೇಳಿದರೆ, ಮೂರೂ ಖರೇನೇ ಎಂದುಬಿಟ್ಟರು. ನೀರು ಸೊಸೆಯ ಸಲುವಾಗಿ. ಮೂರು ಮಹಡಿ ಕೊಡ ಹೊರುವವಳು ಅವಳು. ಲಿಫ್ಟು ಗಂಡನ ಮೊಣಕಾಲಿಗೆ. ಸ್ಟೇಷನ್ನು, ರೈಲು ಹಿಡಿದು ದೂರದ ಬೊರಿವಲಿಗೆ ಡ್ಯೂಟಿಗೆ ಓಡುವ ಮಗನಿಗೆ. ಗಂಡನಿಗಿಂತ ಸೊಸೆಯ ಕಷ್ಟ ದೊಡ್ಡದು. ಮಗನಿಗಿಂತ ಗಂಡ ದೊಡ್ಡವನು. ಸೊಸೆಯೋ ಮಗನೋ ಎಂದರೆ, ಎಷ್ಟೆಂದರೂ ಹೊಟ್ಟೆಯ ಮಗ.

ಇದರಲ್ಲಿ ಯಾವುದನ್ನು ತಪ್ಪೆನ್ನಲಿ? ನಾನು ಕೇಳಿದ್ದು ನಿಮಗೆ ಏನು ಬೇಕು ಅಂತ, ಅವರಿಗಲ್ಲ ಎಂದೆ.

"ನಿಮಗ ಅಂದ್ರ ಮನಿ ಮಂದಿಗೆಲ್ಲಾ ಅಂತ ತಿಳ್ಕೊಂಡ್ನಿರಿ. ನನ್ನೊಬ್ಬಾಕಿಗೆ ನೀವು ಅಂತ ಯಾರಂತಾರ? ಮನ್ಯಾಗ ನೀ ಅಂತಾರ, ಕೆಲಸದ ಮನ್ಯಾಗ ತೂ ಅಂತಾರ."

ಮರ್ಯಾದೆಗೆಂದು ಆಡಿದ ಬಹುವಚನ ನನ್ನ ಕಾಲಿಗೇ ತೊಡರಿತ್ತು. ಬಹಳ ನಾಚಿಕೆಯಾಯಿತು. ನಿಮ್ಮೊಬ್ಬರ ಮನಸ್ಸಿನದು ಹೇಳಿ, ಅದನ್ನೇ ಬರೆದರೆ ಹಾಳೆ ಉಳಿಯುತ್ತದೆ ಎಂದೆ. ಪರೀಕ್ಷೆಯಲ್ಲಿ ಓದದ ಪಾಠ ಬಂದವರಂತೆ ನನ್ನನ್ನೇ ನೋಡಿದರು. ನಾನು ಪೆನ್ನು ಹಿಡಿದು ಕಾದೆ.

"ನಂದು ನನಗ ಗೊತ್ತಿಲ್ರಿ," ಎಂದರು ಕೊನೆಗೆ. "ಸೊಸಿನ್ನ ಕೇಳಿ ಹೇಳ್ಲೇನ್ರಿ?"